ದೊಡ್ಡ ಸಂಖ್ಯೆಗೆ ಮುಯ್ಯಾಳುಗಳು
(ನಮ್ಮ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಾರವೆಲ್ಲ ಮಣಲಿಯ ಕಾರ್ಖಾನೆಗಳಲ್ಲಿ ದುಡಿದು, ಇಲ್ಲವೇ ಕಚೇರಿಯ ಲೆಕ್ಕದಲ್ಲಿ ತಲೆ ಬಿಸಿ ಮಾಡಿಕೊಂಡು ಬಂದವರಿಗೆ ಭಾನುವಾರವೂ ಲೆಕ್ಕವನ್ನೇ ಬಡಿಸುವುದು ನ್ಯಾಯವೇ ಎಂದು ತಾವು ಕೇಳಬಹುದು. ಆದರೆ ಈ ಲೆಕ್ಕ ಸಂಬಳದ್ದಲ್ಲ, ಸಾಲದ್ದೂ ಅಲ್ಲ. ವಾಚನಾಲಯದ ಕಂಪ್ಯೂಟರನ್ನು ರಾತ್ರಿ ಹೊತ್ತು ಇದಕ್ಕೆ ಬಿಟ್ಟುಕೊಡಬಹುದೇ ಎಂದು ನಮ್ಮ ತರುಣ ಸದಸ್ಯರು ಕೇಳಿದ್ದಾರೆ. ಉತ್ತರ ಹೇಳುವ ಮೊದಲು ಸಂಗತಿ ಏನೆಂದು ಎಲ್ಲರೂ ತಿಳಿಯುವುದು ಒಳ್ಳೆಯದು.

ಒಂದರಿಂದಲೂ ತನ್ನಿಂದಲೂ ಹೊರತು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಅವಿಭಾಜ್ಯ ಸಂಖ್ಯೆ. 2, 3, 5, 7, 11 ಇಂಥವು. ಇವಕ್ಕೆ ಕೊನೆಯಿಲ್ಲವೆಂದು ಗ್ರೀಕರ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿದನು. ಆದರೆ ಮುಂದೆ ಹೋದಂತೆ ಇವು ವಿರಳವಾಗುತ್ತವೆ. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋಗಿ, ಕೊನೆಗೆ ಒಂದನ್ನು ಕಳೆದರೆ ಬರುವ ಸಂಖ್ಯೆಗಳಿಗೆ ಫ್ರಾನ್ಸಿನ ಸನ್ಯಾಸಿ ಮರ್ಸೆನ್ನನ ಹೆಸರಿದೆ. ಐದು ಎರಡುಗಳನ್ನು ಗುಣಿಸಿದರೆ 32. ಒಂದು ಕಳೆದರೆ 31, ಅದು ಅವಿಭಾಜ್ಯ. ಹನ್ನೊಂದು ಎರಡುಗಳಿಂದ ಬರುವುದು 2,047. ಅದು 23ನ್ನು 89ರಿಂದ ಗುಣಿಸಿದ್ದು.

ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟನು. ಅರವತ್ತೇಳು ಎರಡುಗಳಿಂದ ಬರುವ ಸಂಖ್ಯೆಯೂ ಅವಿಭಾಜ್ಯವೆಂದು ಅದರಲ್ಲಿ ಬರೆದಿದ್ದನು. 1903ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕೋಲ್ ಎಂಬ ಪ್ರಾಧ್ಯಾಪಕರು ಎದ್ದು ಹೋಗಿ, ಮಾತಾಡದೆ, ಹಲಗೆಯ ಒಂದು ಕಡೆ ಆ ಸಂಖ್ಯೆಯನ್ನು ಬರೆದರು. ಇನ್ನೊಂದು ಕಡೆ 193707721 ಮತ್ತು 761838257287 ಇವುಗಳನ್ನು ಗುಣಿಸಿದರು. ಎರಡೂ ಒಂದೇ! ಸುಮ್ಮನೆ ಬಂದು ಕುಳಿತರು. ಸಭೆ ಚಪ್ಪಾಳೆ ತಟ್ಟಿತು.

ಭಾಗಿಸಿ ಭಾಗಿಸಿ ನೋಡುವುದಕ್ಕಿಂತ ಸುಲಭವಾದ ದಾರಿಯೊಂದಿದೆ. ಅದನ್ನು ಫ್ರಾನ್ಸಿನ ಲ್ಯೂಕಾ ಕಂಡುಕೊಂಡರು, ಅಮೆರಿಕದ ಲೇಮರ್ ತಿದ್ದಿದರು. 31ನ್ನೇ ನೋಡೋಣ. 4ರಿಂದ ಆರಂಭಿಸಿ. ಅದರ ವರ್ಗದಿಂದ 2 ಕಳೆದರೆ 14. ಅದರ ವರ್ಗದಿಂದ 2 ಕಳೆದರೆ 194; 31ರಿಂದ ಭಾಗಿಸಿದರೆ ಉಳಿಯುವುದು 8. ಅದರ ವರ್ಗದಿಂದ 2 ಕಳೆದರೆ 62. ಭಾಗಿಸಿದರೆ ಶೇಷ ಸೊನ್ನೆ. ಆದುದರಿಂದ 31 ಅವಿಭಾಜ್ಯ. ಇಲ್ಲಿ ಮೂರು ಹೆಜ್ಜೆ ಸಾಕಾಯಿತು. ದೊಡ್ಡ ಸಂಖ್ಯೆಗೆ ಕೋಟಿಗಟ್ಟಲೆ ಹೆಜ್ಜೆ ಬೇಕು. ಒಂದು ಹೆಜ್ಜೆ ತಪ್ಪಿದರೂ ಎಲ್ಲವೂ ಹಾಳು.

ನಮ್ಮೂರುಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಸೇರುವುದನ್ನು ತಾವು ಕಂಡಿದ್ದೀರಿ. ಹಾಗೆಯೇ 1996ರ ಜನವರಿಯಲ್ಲಿ ಅಮೆರಿಕದ ಜಾರ್ಜ್ ವೋಲ್ಟ್‌ಮನ್ ಎಂಬವರು ತಾವು ಬರೆದ ಪ್ರೋಗ್ರಾಮನ್ನು ಉಚಿತವಾಗಿ ಹಂಚಿ, ಜಗತ್ತಿನ ಜನರನ್ನು ಕರೆದರು. ಈ ಕೂಟಕ್ಕೆ ಗಿಂಪ್ಸ್ ಎಂದು ಹೆಸರು. ಮರುವರ್ಷ ಸ್ಕಾಟ್ ಕುರೋವ್‌ಸ್ಕಿ ಎಂಬವರು ಕೆಲಸ ಹಂಚುವ ಕೇಂದ್ರ ಯಂತ್ರವನ್ನು ಏರ್ಪಡಿಸಿದರು. ಬೆಳಿಗ್ಗೆ ಮೇಸ್ತ್ರಿ ಆಳುಗಳಿಗೆ ಕೆಲಸ ಹಂಚುವಂತೆ ಅದು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಡುತ್ತದೆ. ಬಂದ ಶೇಷವನ್ನು ದಾಖಲೆಗೆ ಹಾಕಿ, ಅದೇ ಸಂಖ್ಯೆಯನ್ನು ಇನ್ನೊಬ್ಬರಿಗೂ ಕೊಟ್ಟು ತಾಳೆ ನೋಡುವುದು ಹಳೆಯ ಪದ್ಧತಿ. 2020ರಿಂದ ಲೆಕ್ಕದ ಜೊತೆಗೇ ಪ್ರಮಾಣವನ್ನೂ ಕಳುಹಿಸುವ ಉಪಾಯ ಬಂದು, ಈ ಶ್ರಮ ಬಹಳ ಇಳಿದಿದೆ.

ಹೆಚ್ಚಿನವರಿಗೆ ಸಿಗುವ ಉತ್ತರ ‘ಅವಿಭಾಜ್ಯವಲ್ಲ’ ಎಂಬುದೇ. ಟೆನೆಸಿಯ ಜೊನಾಥನ್ ಪೇಸ್ ಹದಿನಾಲ್ಕು ವರ್ಷ ಹುಡುಕಿದ ಮೇಲೆ, 2017ರ ಡಿಸೆಂಬರಿನಲ್ಲಿ ಅವರಿಗೆ ಒಂದು ಸಿಕ್ಕಿತು. 2015ರ ಸೆಪ್ಟೆಂಬರಿನಲ್ಲಿ ಮಿಸೌರಿಯ ಯಂತ್ರವೊಂದು ಕಂಡುಹಿಡಿದ ಸಂಖ್ಯೆ, ಸೂಚನೆ ತಲುಪದೆ, 2016ರ ಜನವರಿಯವರೆಗೆ ದಾಖಲೆಯಲ್ಲೇ ಮಲಗಿತ್ತು! 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯೂರಂಟ್ ಕಂಡ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ನಾಲ್ಕು ಸಾವಿರ ಅಂಕಿಯಂತೆ ಅಚ್ಚು ಹಾಕಿಸಿದರೆ ಹತ್ತು ಸಾವಿರ ಪುಟ ಮೀರುತ್ತದೆ.

ಇದರಿಂದ ಹೊಟ್ಟೆ ತುಂಬೀತೇ? ಇಲ್ಲ. ಬ್ಯಾಂಕಿನ ಗುಟ್ಟು ಕಾಯಲು ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು. ಆದರೆ ಈ ಕಠಿಣ ಲೆಕ್ಕ ಯಂತ್ರಗಳಿಗೇ ಪರೀಕ್ಷೆ. ಹೊಸ ಚಿಪ್ಪೊಂದರ ದೋಷ 2016ರಲ್ಲಿ ಇದರಿಂದಲೇ ಬಯಲಾಯಿತು. ಮಿಕ್ಕಂತೆ ಇದು ತಿಳಿಯಬೇಕೆಂಬ ಆಸೆ.

ಆ ಆಸೆ ಗುಮಾಸ್ತರಿಗೆ ಹೊಸದಲ್ಲ. 1912ರ ಮಾರ್ಚಿನಲ್ಲಿ ಇಲ್ಲಿಯೇ ಮದರಾಸಿನ ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗಕ್ಕೆ ತಿಂಗಳಿಗೆ 30 ರೂಪಾಯಿಗೆ ಸೇರಿದ ಗುಮಾಸ್ತರೇ ಶ್ರೀನಿವಾಸ ರಾಮಾನುಜನ್. 1913ರ ಜನವರಿಯಲ್ಲಿ ಅವರು ಕೇಂಬ್ರಿಡ್ಜಿನ ಹಾರ್ಡಿಗೆ ಪತ್ರ ಬರೆದರು. ಅವಿಭಾಜ್ಯಗಳ ಬಗ್ಗೆ ಅವರು ಹೇಳಿದ್ದರಲ್ಲಿ ಕೆಲವು ತಪ್ಪೆಂದು ಹಾರ್ಡಿ ಕಂಡರು. ಅಂಥ ಮೇಧಾವಿಯ ಲೆಕ್ಕಕ್ಕೂ ಎರಡನೆಯ ಕಣ್ಣು ಬೇಕಾಯಿತು! ಇನ್ನೊಂದು ಮಾತು: ರಾಮಾನುಜನ್ನರ ಗಣಿತ ಮೇಲಧಿಕಾರಿಗಳಿಗೆ ಗೊತ್ತಿತ್ತು. ನಾರಾಯಣ ಅಯ್ಯರ್, ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಇಬ್ಬರೂ ಬೆಂಬಲಕ್ಕೆ ನಿಂತರು.

ಇದನ್ನು ಹೇಳಲು ಕಾರಣವಿದೆ. 1998ರಲ್ಲಿ ಅಮೆರಿಕದ ಟೆಲಿಫೋನ್ ಕಂಪನಿಯೊಂದರಲ್ಲಿ ಗುತ್ತಿಗೆ ಕೆಲಸದವನೊಬ್ಬ, ಯಾರನ್ನೂ ಕೇಳದೆ, 2,500ಕ್ಕೂ ಹೆಚ್ಚು ಯಂತ್ರಗಳಲ್ಲಿ ಈ ಹುಡುಕಾಟ ನಡೆಸಿದ. ಪೊಲೀಸ್ ತನಿಖೆ ಅವನ ಮನೆ ಬಾಗಿಲಿಗೆ ಬಂತು. ನಮ್ಮಲ್ಲಿ ಗುತ್ತಿಗೆಯ ಮೇಲಿರುವವರು ಎಷ್ಟೋ ಮಂದಿ. ಕಚೇರಿಯ ಯಂತ್ರ ಸುಮ್ಮನಿರುವುದು ನಿಜ. ಆದರೆ ಅದು ನಮ್ಮದಲ್ಲ. ಸಂಖ್ಯೆಯ ಆಸೆಗೆ ಅನ್ನದ ತಟ್ಟೆ ಕಳೆದುಕೊಳ್ಳಬೇಡಿ ಎಂದು ತರುಣರಲ್ಲಿ ಕೈಮುಗಿದು ಕೇಳುತ್ತೇವೆ.

ವಾಚನಾಲಯದ ಯಂತ್ರವೂ ಒಬ್ಬರದಲ್ಲ. ರಾತ್ರಿಯೆಲ್ಲ ಅದು ದುಡಿದರೆ ವಿದ್ಯುತ್ ಬಿಲ್ ಏರುತ್ತದೆ. ಬಿಲ್ ತುಂಬುವುದು ತಮ್ಮ ಚಂದಾ ಹಣ. ಆದುದರಿಂದ ನಮ್ಮ ಸೂಚನೆ ಇಷ್ಟೇ: ಒಂದು ತಿಂಗಳು ನಡೆಸಿ ನೋಡೋಣ, ಹೆಚ್ಚಿದ ಖರ್ಚನ್ನು ಬರೆದು ಗೋಡೆಗೆ ಅಂಟಿಸೋಣ, ಆಮೇಲೆ ಸರ್ವಸದಸ್ಯರ ಸಭೆ ತೀರ್ಮಾನಿಸಲಿ. ಪತ್ರಿಕೆ ತರಿಸುವ ಹಣಕ್ಕೆ ಕೊರತೆಯಾಗುವುದಾದರೆ ನಿಲ್ಲಿಸೋಣ. ನಮಗೆ ಸಿಗುವ ಉತ್ತರ ‘ಅಲ್ಲ’ ಎಂದೇ ಇರಬಹುದು. ಸರಿಯಾಗಿ ಲೆಕ್ಕಮಾಡಿ ಹೇಳಿದ ‘ಅಲ್ಲ’ವೂ ದಾಖಲೆಯಲ್ಲಿ ಉಳಿಯುತ್ತದೆ, ಆ ಗದ್ದೆಯನ್ನು ಮತ್ತೊಬ್ಬರು ಮತ್ತೆ ಉಳಬೇಕಾಗಿಲ್ಲ.