ಗೋಧಿ ಬಿಟ್ಟೆ, ಊಟ ಬಿಡಲಿಲ್ಲ

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ನಾನು ಬನಹಟ್ಟಿಯ ನೇಕಾರರ ಮನೆಯ ಹುಡುಗ. ಇವತ್ತು ನನ್ನ ಹೊಟ್ಟೆಯ ಕಥೆ ಹೇಳ್ತೀನಿ.

ಎರಡು ವರ್ಷ ನನಗೆ ಒಂದೇ ಸಮನೆ ಸುಸ್ತು. ಹೊಟ್ಟೆ ಉಬ್ಬರ, ವಾರಕ್ಕೆ ಮೂರು ದಿನ ಭೇದಿ, ರಕ್ತ ಕಡಿಮೆ. ಕಬ್ಬಿಣಾಂಶದ ಗುಳಿಗೆ ನುಂಗಿ ನುಂಗಿ ಸಾಕಾಯ್ತು, ರಕ್ತ ಮಾತ್ರ ಏರಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಬೇರೊಂದು ರಕ್ತಪರೀಕ್ಷೆ ಬರೆದರು. ಆಮೇಲೆ ಎಂಡೋಸ್ಕೋಪಿ ಮಾಡಿ, ಕರುಳಿನ ಚೂರು ತೆಗೆದು ನೋಡಿದರು. ಹೆಸರು ಹೇಳಿದರು: ಸೀಲಿಯಾಕ್ ಕಾಯಿಲೆ.

ಅಂದ್ರೆ ಏನು? ಗೋಧಿ, ಬಾರ್ಲಿ, ರೈ ಈ ಮೂರು ಕಾಳುಗಳಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇರುತ್ತೆ. ಚಪಾತಿ ಹಿಟ್ಟು ರಬ್ಬರಿನ ಹಾಗೆ ಎಳೆಯೋಕೆ ಬರೋದು ಅದರಿಂದಲೇ. ನನ್ನಂಥವರ ದೇಹ ಅದನ್ನು ವೈರಿ ಅಂದ್ಕೊಂಡು, ತನ್ನ ಸಣ್ಣ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತೆ. ಕರುಳಿನ ಒಳಪದರ ಸವೆದರೆ ಕಬ್ಬಿಣಾಂಶ ಎಲ್ಲಿಂದ ಹೀರ್ಕೋಬೇಕು? ಗುಳಿಗೆ ಯಾಕೆ ನಾಟಲಿಲ್ಲ ಅಂತ ಅವತ್ತು ಗೊತ್ತಾಯ್ತು. ಇದಕ್ಕೆ ಔಷಧ ಅಂದ್ರೆ ಒಂದೇ, ಜೀವನಪೂರ್ತಿ ಗ್ಲುಟೆನ್ ಬಿಡೋದು.

ನಮ್ಮ ಕಡೆ ಈ ಕಾಯಿಲೆ ಅಪರೂಪ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು 1.2 ಜನರಿಗೆ ಇದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ. ಹಾಗಾಗಿ ಮನೆಯವರಿಗೆ ಹೇಳಿ ನಂಬಿಸೋದೇ ದೊಡ್ಡ ಕೆಲಸ.

ಮನೆಗೆ ಬಂದು ಹೇಳಿದೆ. ಅವ್ವ ಅಳೋಕೆ ಶುರು ಮಾಡಿದಳು. ಅಜ್ಜಿ ಮಾತ್ರ ಒಂದು ಮಾತು ಕೇಳಿದಳು: "ಜ್ವಾಳ ತಿನಬಹುದೇನೋ ತಮ್ಮಾ?"

"ತಿನಬಹುದು ಯಮ್ಮಾ."

"ಹಂಗಿದ್ರ ಅಳೂದು ಯಾಕ? ನಮ್ಮ ಕಾಲದಾಗ ಗೋಧಿ ಎಲ್ಲಿತ್ತು? ಹಬ್ಬಕ್ಕ, ಬೀಗರು ಬಂದ್ರ ಅಷ್ಟ."

ನಿಜ ನೋಡ್ರಿ. ಬೆಂಗಳೂರಿನ ಅಂಗಡಿಗಳಲ್ಲಿ 'ಗ್ಲುಟೆನ್ ಫ್ರೀ' ಅಂತ ಚೀಟಿ ಅಂಟಿಸಿ ದುಬಾರಿ ಬೆಲೆಗೆ ಮಾರೋದನ್ನು ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲಿ ದಿನಾ ಬೆಳಗ್ಗೆ ಪಟಪಟ ಅಂತ ಬಡೀತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಹಿಟ್ಟಿಗೆ ಕುದಿಯೋ ಎಸರು ಹಾಕೋದು, ಲಟ್ಟಿಸದೆ ಕೈಯಿಂದ ಬಡಿಯೋದು ಇದೇ ಕಾರಣಕ್ಕೆ. ಹಿಡಿದಿಡೋ ಗ್ಲುಟೆನ್ ಇಲ್ಲದ ಹಿಟ್ಟಿಗೆ ಬಿಸಿನೀರೇ ಜಿಗಿ ಕೊಡುತ್ತೆ. ಸಜ್ಜೆ, ನವಣೆ, ರಾಗಿ, ಅಕ್ಕಿ, ಕಡಲೆಹಿಟ್ಟು ಇವುಗಳಲ್ಲೂ ಗ್ಲುಟೆನ್ ಇಲ್ಲ. ಎಳ್ಳಮವಾಸ್ಯೆಗೆ ಹೊಲಕ್ಕೆ ಒಯ್ಯೋ ಬುತ್ತಿ ನೆನೆಸ್ಕೊಳ್ರಿ: ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಗೋಧಿಯ ಕಡುಬು, ಹೋಳಿಗೆ ಪಕ್ಕಕ್ಕಿಟ್ಟರೆ ಮಿಕ್ಕಿದ್ದೆಲ್ಲ ನನ್ನದೇ.

ಇಷ್ಟು ಸುಲಭ ಅಂದ್ಕೊಂಡು ಮೂರು ತಿಂಗಳು ಮೆರೆದೆ. ಆದ್ರೂ ಹೊಟ್ಟೆನೋವು ಪೂರ್ತಿ ಹೋಗಲಿಲ್ಲ. ಹುಡುಕಿದಾಗ ಕಳ್ಳರು ಸಿಕ್ಕರು.

ಮೊದಲನೆಯವನು ಗಿರಣಿ. ನಮ್ಮ ಜೋಳಕ್ಕಿಂತ ಮುಂಚೆ ಯಾರದೋ ಗೋಧಿ ಬೀಸಿರ್ತಾರೆ. ಆ ಹಿಟ್ಟು ಕಲ್ಲಿನಲ್ಲೇ ಉಳಿದು ನಮ್ಮ ಡಬ್ಬಿಗೆ ಬರುತ್ತೆ. ಈಗ ಗಿರಣಿಯಣ್ಣನಿಗೆ ಹೇಳಿ, ಬರೀ ಜೋಳ ಬೀಸೋ ಇನ್ನೊಂದು ಗಿರಣಿಗೆ ಹೋಗ್ತೀವಿ. ಅಲ್ಲೂ ಮೊದಲ ಎರಡು ಹಿಡಿ ಹಿಟ್ಟು ದನಕ್ಕೆ.

ಎರಡನೆಯವನು ಇಂಗು. ಡಬ್ಬಿಯಲ್ಲಿ ಬರೋ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾನೋ ಬೆರೆಸಿರ್ತಾರೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಓದೋರು ಯಾರು? ಅಕ್ಕಿಹಿಟ್ಟು ಬೆರೆಸಿದ್ದೂ ಸಿಗುತ್ತೆ, ಅದನ್ನೇ ತರ್ತೀವಿ. ಮೂರನೆಯದು ಹಂಚು. ಚಪಾತಿ ಬೇಯಿಸಿದ ಹಂಚಿನ ಮೇಲೇ ನನ್ನ ರೊಟ್ಟಿ. ಅಜ್ಜಿ ಹೊಸ ಹಂಚು ತರಿಸಿ, ಹಿಡಿಕೆಗೆ ನಮ್ಮ ಮಗ್ಗದ ಕೆಂಪು ನೂಲು ಸುತ್ತಿಟ್ಟಳು. "ಇದು ತಮ್ಮನ ಹಂಚು, ಯಾರೂ ಮುಟ್ಟಬ್ಯಾಡ್ರಿ." ಮನೆಯಲ್ಲಿ ಅದೀಗ ಕಾಯ್ದೆ.

ಇನ್ನು ಹೊರಗಿನ ಊಟ. ಒಂದು ಸಲ ಗೆಳೆಯರ ಜೊತೆ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿನೇ ತಿಂದೆ. ಮೂರು ದಿನ ಹಾಸಿಗೆ. ಆಮೇಲೆ ವಿಚಾರಿಸಿದರೆ, ರೊಟ್ಟಿ ಹರೀಬಾರದು ಅಂತ ಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಸೇರಿಸ್ತಿದ್ದರಂತೆ. ಅವರದು ಕೆಟ್ಟ ಬುದ್ಧಿ ಅಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೇ.

ಈಗ ಕೇಳ್ತೀನಿ, ನಾಚಿಕೆ ಬಿಟ್ಟು. ಗಲ್ಲೆಯ ಮುಂದೆ ನಿಂತು 'ಗ್ಲುಟೆನ್' ಅಂದ್ರೆ ಯಾರಿಗೂ ತಿಳಿಯಲ್ಲ. ಸೀದಾ ಒಳಗೆ ರೊಟ್ಟಿ ಬಡಿಯೋ ಅಕ್ಕನ ಹತ್ತಿರ ಹೋಗ್ತೀನಿ: "ಅಕ್ಕಾರ, ನನಗ ಗೋಧಿ ತಿಂದ್ರ ಆಗಂಗಿಲ್ರಿ, ದವಾಖಾನಿ ಸೇರ್ಬೇಕಾಗತೈತಿ. ಹಿಟ್ಟಿನ್ಯಾಗ ಗೋಧಿ ಹಾಕೀರೇನ್ರಿ? ಚಪಾತಿ ಹಂಚು ಬ್ಯಾರೆ ಐತೇನ್ರಿ?" ಬಹಳ ಮಂದಿ ಕಾಳಜಿಯಿಂದ ಉತ್ತರ ಕೊಡ್ತಾರೆ. ಅನುಮಾನ ಬಂದರೆ ಅನ್ನ, ಮೊಸರು ಹೇಳಿ, ಬ್ಯಾಗಿನಲ್ಲಿರೋ ಖಡಕ್ ರೊಟ್ಟಿ ತೆಗೀತೀನಿ. ವಾರಗಟ್ಟಲೆ ಕೆಡದ ರೊಟ್ಟಿ ಜೊತೆಗಿದ್ದರೆ ಯಾವ ಊರಿಗೆ ಹೋದರೂ ಉಪವಾಸ ಇಲ್ಲ.

ಸಂಜೆ ಏನು ತಿನ್ನೋದು ಅಂತೀರಾ? ಚುರುಮುರಿ ಸುಸಲಾ, ಗಿರಮಿಟ್, ಅವಲಕ್ಕಿ, ಸಾಬುದಾಣಿ ಖಿಚಡಿ. ಇಂಗು, ಸೇವು ಕೇಳ್ಕೊಂಡ್ರೆ ಸಾಕು. ಮಿರ್ಚಿ ಕಡಲೆಹಿಟ್ಟಿಂದೇ, ಆದರೆ ಅದೇ ಎಣ್ಣೆಯಲ್ಲಿ ಸಮೋಸಾ ಕರಿದಿದ್ದರೆ ನನಗೆ ಬೇಡ. ಉಪ್ಪಿಟ್ಟು, ರವಾ ಇಡ್ಲಿ, ರವಾ ದೋಸೆ, ಶಾವಿಗೆ ಪಾಯಸ ಎಲ್ಲವೂ ಗೋಧಿಯ ಮಕ್ಕಳು. ಗೋಬಿ ಮಂಚೂರಿಗೆ ಮೈದಾ ಸಾಲದು ಅಂತ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತೆ. ಪ್ಯಾಕೆಟ್ ಮೇಲೆ 'ಗ್ಲುಟೆನ್ ಫ್ರೀ' ಅಂತಿದ್ದರೆ, ನಮ್ಮ ದೇಶದ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮದುವೆ ಮನೆ. ಅತ್ತಿಯ ಮಗಳ ಮದುವೆಯಲ್ಲಿ ಗೋಧಿ ಹುಗ್ಗಿ ಬೇಡ ಅಂದೆ. ಅತ್ತಿ ಮುಖ ಸಣ್ಣದು ಮಾಡ್ಕೊಂಡಳು: "ಒಂದ್ ಚಮಚ ತಿಂದ್ರ ಏನಾಗತೈತೋ?" ನಮ್ಮ ಕಡೆ ಹುಗ್ಗಿ ಬೇಡ ಅಂದ್ರೆ ಪ್ರೀತಿನೇ ಬೇಡ ಅಂದಂಗೆ. ಆಗ ಅಜ್ಜಿನೇ ಎದ್ದು ಬಂದಳು: "ನಮ್ಮ ಹುಡುಗ ನಿನ್ನ ಹುಗ್ಗಿ ಒಲ್ಲೆ ಅಂದಿಲ್ಲವಾ, ಗೋಧಿ ಒಲ್ಲೆ ಅಂದಾನ." ಮರುವರ್ಷ ಅದೇ ಅತ್ತಿ ನನಗಂತ ಬೇರೆ ಪಾತ್ರೆಯಲ್ಲಿ ನವಣೆ ಹುಗ್ಗಿ ಮಾಡಿದ್ದಳು. ಬೆಲ್ಲ, ತುಪ್ಪ, ಕೊಬ್ಬರಿ, ಗಸಗಸೆ. ಮಕ್ಕಳೆಲ್ಲ ಬಂದು ಅದನ್ನೇ ಕೇಳಿ, ನನಗೆ ಉಳಿದಿದ್ದು ಎರಡೇ ಸೌಟು!

ಕೊನೆಗೆ ಎರಡು ಮಾತು. ಒಂದು, ತೂಕ ಇಳಿಸೋಕೆ, ಫ್ಯಾಷನ್‌ಗೆ ಅಂತ ಗೋಧಿ ಬಿಡಬೇಕಿಲ್ಲ. ನಿಮಗೆ ಒಗ್ಗುತ್ತಾ, ಖುಷಿಯಿಂದ ಹೋಳಿಗೆ ತಿನ್ರಿ, ನನ್ನ ಪಾಲೂ ಸೇರಿಸಿ. ಎರಡು, ಬಹಳ ದಿನದಿಂದ ಭೇದಿ, ರಕ್ತಹೀನತೆ ಇದ್ದರೆ ಡಾಕ್ಟರನ್ನು ಕಾಣ್ರಿ. ಪರೀಕ್ಷೆಗೆ ಮುಂಚೆ ನೀವಾಗೇ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಸಿಗದೇ ಹೋಗಬಹುದು. ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸ್ಕೊಳ್ಳೋದು ಒಳ್ಳೇದು. ನನ್ನ ತಂಗಿ ಮಾಡಿಸ್ಕೊಂಡಳು. ಅವಳಿಗಿಲ್ಲ. ಅದಕ್ಕೇ ಕೆಂಪು ನೂಲಿನ ಹಂಚು ಇನ್ನೂ ನನ್ನೊಬ್ಬನದೇ.

ಅಜ್ಜಿ ಊಟಕ್ಕೆ ಕರೀತಿದ್ದಾಳೆ, ರೊಟ್ಟಿ ಆರಿ ಹೋಗುತ್ತೆ. ಮುಂದಿನ ಕಂತಿನಲ್ಲಿ ಸಿಗೋಣ, ಬರ್ತೀನ್ರೀ.