ಹೆದ್ದಾರಿಯ ಅರವಟ್ಟಿಗೆ

ಬೇಸಗೆಯಲ್ಲಿ ದಾರಿಹೋಕರ ಬಾಯಾರಿಕೆ ನೀಗಲೆಂದು ನಮ್ಮ ಹಿರಿಯರು ಊರಾಚೆ ಅರವಟ್ಟಿಗೆಗಳನ್ನು ಇಡಿಸುತ್ತಿದ್ದರು. ಅರವಟ್ಟಿಗೆ ಇಡಿಸುವುದು ಒಂದು ದಿನದ ಪುಣ್ಯ. ದಿನ ಬೆಳಗಾದರೆ ಅದರ ಗುಡಾಣಕ್ಕೆ ನೀರು ತುಂಬಿಸುವುದು ಬೇಸಗೆಯುದ್ದದ ದುಡಿಮೆ. ಈ ಎರಡರ ಅಂತರ ನನಗೆ ಮನದಟ್ಟಾದದ್ದು ಹೋದ ವರ್ಷ, ವಿದ್ಯುತ್ ಕಾರಿನಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಹೊರಟಾಗ.

ಅದು ವಿಹಾರದ ಪ್ರಯಾಣವಾಗಿರಲಿಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಮರುದಿನ ಬೆಳಗ್ಗೆ ಹೃದಯದ ಶಸ್ತ್ರಚಿಕಿತ್ಸೆಯೆಂದು ನಿಶ್ಚಯವಾಗಿತ್ತು. "ಒಳಗೆ ಕರಕೊಂಡು ಹೋಗುವ ಮೊದಲು ಒಮ್ಮೆ ನಿನ್ನ ಮುಖ ನೋಡಬೇಕು ಮಾರಾಯ" ಎಂದು ಆಕೆ ಫೋನಿನಲ್ಲಿ ಹೇಳಿದ್ದಳು. ದಾರಿ ಸುಮಾರು 350 ಕಿಲೋಮೀಟರು. ಬ್ಯಾಟರಿ ತುಂಬಿದ್ದರೆ ನನ್ನ ಕಾರು ಓಡುವುದು 250 ಕಿಲೋಮೀಟರು. ಹಾಸನದ ಹತ್ತಿರ ಒಮ್ಮೆ ಚಾರ್ಜು ಮಾಡಿಕೊಂಡರೆ ಸಾಕೆಂಬುದು ನನ್ನ ಲೆಕ್ಕ. ಮೊಬೈಲಿನ ನಕ್ಷೆಯೂ ಅಲ್ಲೊಂದು ಹಸಿರು ಚುಕ್ಕೆಯನ್ನು ತೋರಿಸಿ ಧೈರ್ಯ ಹೇಳಿತ್ತು.

ದಾರಿಯಲ್ಲಿ ಇಂಧನ ಮುಗಿದೀತೆಂಬ ಅಳುಕು ಮೋಟಾರು ವಾಹನದಷ್ಟೇ ಹಳೆಯದು. 1888ರಲ್ಲಿ ಬರ್ತಾ ಬೆಂಝ್ ಎಂಬ ಮಹಿಳೆ, ತನ್ನ ಗಂಡ ಕಾರ್ಲ್ ಬೆಂಝ್ ನಿರ್ಮಿಸಿದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಸುಮಾರು ನೂರು ಕಿಲೋಮೀಟರು ದೂರದ ಫೋರ್ಟ್ಸ್‌ಹೈಮಿಗೆ ಹೋದಳು. ಆಗ ಪೆಟ್ರೋಲು ಬಂಕುಗಳೆಲ್ಲಿದ್ದವು? ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ಆಕೆ ಮುಂದೆ ಸಾಗಿದಳು. ಹೊಸ ವಾಹನದ ಮೊದಲ ಯಾತ್ರಿಕರು ಯಾವಾಗಲೂ ಹೀಗೆ ಯಾರದೋ ಬಾಗಿಲು ತಟ್ಟಬೇಕಾಗುತ್ತದೆ.

ನಾನು ತಟ್ಟಿದ ಬಾಗಿಲು ತೆರೆಯಲಿಲ್ಲ. ಹೆದ್ದಾರಿಯ ಹೋಟೆಲೊಂದರ ಅಂಗಳದಲ್ಲಿ ಆಳೆತ್ತರದ ಯಂತ್ರ ನಿಂತಿತ್ತು. ಅದರ ಪರದೆ ಕಪ್ಪಾಗಿತ್ತು. ಹೋಟೆಲಿನವರನ್ನು ಕೇಳಿದೆ. "ಮೂರು ದಿನದಿಂದ ಹಾಗೇ ಇದೆ. ಅದು ನಮ್ಮದಲ್ಲ, ಕಂಪನಿಯವರದು" ಎಂದರು. ಕಂಪನಿಯ ದೂರವಾಣಿಯಲ್ಲಿ ಸಂಗೀತವಷ್ಟೇ ಕೇಳಿಬಂತು. ನಕ್ಷೆಯಲ್ಲಿ ಮಾತ್ರ ಆ ಚುಕ್ಕೆ ಇನ್ನೂ ಹಸಿರಾಗಿಯೇ ಇತ್ತು. ಹನ್ನೆರಡು ಕಿಲೋಮೀಟರು ಮುಂದೆ ಮತ್ತೊಂದು ಕೇಂದ್ರ. ಅದು ಬೇರೆ ಸಂಸ್ಥೆಯದು. ಅದಕ್ಕೆ ಬೇರೆ ಆ್ಯಪ್, ಅದರಲ್ಲಿ ಮುಂಗಡ ಹಣ. ಹೇಗೋ ಅದನ್ನೆಲ್ಲ ಮುಗಿಸಿ ತಲೆಯೆತ್ತಿದರೆ, ಇದ್ದ ಒಂದೇ ಕೊಳವೆ ಬಾಡಿಗೆ ಟ್ಯಾಕ್ಸಿಯೊಂದಕ್ಕೆ ಸಿಕ್ಕಿಸಲ್ಪಟ್ಟಿತ್ತು.

ಚಾಲಕ ಮೂವತ್ತರ ಆಸುಪಾಸಿನವರು. ನನ್ನ ಮುಖದಲ್ಲಿ ಏನು ಕಂಡರೋ, ಎಲ್ಲಿಗೆ ಹೊರಟಿರೆಂದು ಕೇಳಿದರು. ಹೇಳಿದೆ. ಅವರು ತಮ್ಮ ಗಾಡಿಯ ಅಂಕಿ ನೋಡಿದರು; ಎಪ್ಪತ್ತೆರಡು. "ಎಂಬತ್ತಕ್ಕೆ ತೆಗೆಯೋಣ ಅಂತಿದ್ದೆ ಸಾರ್. ನಂಗೆ ಇಲ್ಲೇ ಹತ್ತಿರದ ಬಾಡಿಗೆ, ಇಷ್ಟು ಸಾಕು. ನೀವು ಹಾಕ್ಕೊಳಿ" ಎನ್ನುತ್ತ ಕೊಳವೆಯನ್ನು ಬಿಡಿಸಿ ನನ್ನ ಕೈಗಿತ್ತರು.

ಈ ಎಂಬತ್ತರ ಮಾತನ್ನು ತುಸು ವಿವರಿಸಬೇಕು. ಬ್ಯಾಟರಿ ಬರಿದಾಗಿರುವಾಗ ವಿದ್ಯುತ್ತನ್ನು ಬೇಗ ಬೇಗ ಕುಡಿಯುತ್ತದೆ; ನೂರಕ್ಕೆ ಎಂಬತ್ತು ಪಾಲು ತುಂಬಿದ ಮೇಲೆ, ಅದಕ್ಕೆ ಹಾನಿಯಾಗದಂತೆ ಕಾರೇ ವೇಗವನ್ನು ತಗ್ಗಿಸುತ್ತದೆ. ಕೊನೆಯ ಇಪ್ಪತ್ತು ಪಾಲಿಗೆ ಹಿಡಿಯುವ ಹೊತ್ತಿನಲ್ಲಿ ಮತ್ತೊಬ್ಬ ಪ್ರಯಾಣಿಕನ ಅಗತ್ಯ ಬಹುಮಟ್ಟಿಗೆ ಪೂರೈಸಿಬಿಡಬಹುದು. ಮದುವೆಮನೆಯಲ್ಲಿ ಮುಂದಿನ ಪಂಕ್ತಿಯವರು ಕಾದು ನಿಂತಿರುವಾಗ ಉಂಡವರು ಎಲೆಯ ಮುಂದೆ ಹರಟುತ್ತ ಕೂರುವುದಿಲ್ಲ. ಇದೂ ಅದೇ ಮರ್ಯಾದೆ. ಯಾವ ಫಲಕದಲ್ಲೂ ಬರೆದಿಲ್ಲದ ಈ ಮರ್ಯಾದೆಯನ್ನು ಆ ಚಾಲಕರು ಎಂಬತ್ತಕ್ಕೂ ಮೊದಲೇ ಪಾಲಿಸಿದರು.

ಮುಕ್ಕಾಲು ಗಂಟೆಯಲ್ಲಿ ನನ್ನ ಪಾಲೂ ತುಂಬಿತು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಕತ್ತಲಾಗಿತ್ತು. ಇಳಿಜಾರಿನಲ್ಲಿ ಮೋಟಾರು ತಾನೇ ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುತ್ತದೆ. ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಅಂಕಿ ಎರಡು ಮೆಟ್ಟಿಲು ಏರಿತ್ತು. ರಾತ್ರಿ ಒಂಬತ್ತೂವರೆಗೆ ಆಸ್ಪತ್ರೆ ಸೇರಿದೆ. "ಇಷ್ಟು ತಡವಾ? ಊಟ ಆಯಿತಾ?" ಎಂದಳು ಅಕ್ಕ. ದಾರಿಯ ಕಥೆಯನ್ನು ನಾನು ಹೇಳಲಿಲ್ಲ. ಆಕೆ ಗುಣಹೊಂದಿ ಮನೆಗೆ ಬಂದ ಮೇಲೆ ಹೇಳಿದಾಗ, "ಆ ಹುಡುಗನ ಹೆಸರು ಕೇಳಿಕೊಂಡೆಯಾ?" ಎಂದಳು. ನಾನು ಕೇಳಿರಲಿಲ್ಲ.

ವಿದ್ಯುತ್ ವಾಹನಗಳಿಗಾಗಿ ದೇಶದಲ್ಲಿ ಮೊದಲು ನೀತಿಯೊಂದನ್ನು ರೂಪಿಸಿದ ರಾಜ್ಯ ನಮ್ಮದು, ಅದು 2017ರಲ್ಲಿ. ಹೆದ್ದಾರಿಯ ಇಕ್ಕೆಲಗಳಲ್ಲೂ ಪ್ರತಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು 2018ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. ಇವು ಸಣ್ಣ ಮಾತುಗಳಲ್ಲ. ಆದರೆ ಎಷ್ಟು ಕೇಂದ್ರಗಳನ್ನು ತೆರೆದೆವೆಂಬ ಲೆಕ್ಕ ಅರವಟ್ಟಿಗೆ ಇಡಿಸಿದವರ ಲೆಕ್ಕ. ಈ ರಾತ್ರಿ ಅವುಗಳಲ್ಲಿ ಎಷ್ಟು ಬೆಳಗುತ್ತಿವೆ, ಕೆಟ್ಟಾಗ ಓಗೊಡುವವರು ಯಾರು ಎಂಬುದು ಬಾಯಾರಿ ಬಂದವರ ಲೆಕ್ಕ. ಗುಡಾಣ ಬರಿದಾದಾಗ ಒಬ್ಬ ದಾರಿಹೋಕ ತನ್ನ ಚೊಂಬಿನ ನೀರನ್ನು ಇನ್ನೊಬ್ಬನಿಗೆ ಕೊಡಬಲ್ಲ. ಕೊಟ್ಟವರನ್ನು ನಾನು ಕಂಡಿದ್ದೇನೆ. ಆದರೆ ಆ ಸೌಜನ್ಯವನ್ನೇ ನೆಚ್ಚಿ ನಾವು ಗುಡಾಣ ತುಂಬಿಸುವುದನ್ನು ಮರೆಯಬಾರದು.