ಮಧುಮೇಹವಿರುವ ಹದಿಹರೆಯದ ಮಕ್ಕಳು ಮತ್ತು ಪಾಲಕರ ಪಾತ್ರ

(ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ಪಾಲಕರ ಸಭೆಯಲ್ಲಿ ಶುಶ್ರೂಷಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇಲ್ಲಿ ಕುಳಿತವರಲ್ಲಿ ಹೆಚ್ಚಿನವರ ಮನೆಯಲ್ಲಿ 12 ರಿಂದ 18 ವರ್ಷದೊಳಗಿನ, ಟೈಪ್ 1 ಮಧುಮೇಹವಿರುವ ಮಗುವಿದೆ. ಸೂಜಿ ಹಾಕುವುದು ಹೇಗೆ, ರಕ್ತ ಪರೀಕ್ಷೆ ಮಾಡುವುದು ಹೇಗೆ ಎಂಬುದು ತಮಗೆಲ್ಲ ಗೊತ್ತಿದೆ. ಇವತ್ತು ನಾನು ಹೇಳಬೇಕೆಂದಿರುವುದು ಬೇರೆ ವಿಷಯ. ಈ ಕೆಲಸಗಳನ್ನು ಮಗುವಿನ ಕೈಗೆ ಯಾವಾಗ ಕೊಡಬೇಕು, ಹೇಗೆ ಕೊಡಬೇಕು ಎಂಬುದು.

ನಮ್ಮ ಬಳಿ ಬರುವ ಮನೆಗಳಲ್ಲಿ ಎರಡು ತರಹ ಕಾಣುತ್ತೇವೆ. ಒಂದು ಮನೆಯಲ್ಲಿ ಮಗ ಪಿ.ಯು.ಸಿ.ಗೆ ಬಂದಿರುತ್ತಾನೆ, ಮೀಸೆ ಬಂದಿರುತ್ತದೆ. ಆದರೂ ದಿನಕ್ಕೆ ನಾಲ್ಕು ಸಲ ತಾಯಿಯೇ ಸೂಜಿ ಹಾಕುತ್ತಾಳೆ. ತಾಯಿ ತವರಿಗೆ ಹೋದ ದಿನ ಮನೆಯಲ್ಲಿ ಯಾರಿಗೂ ಏನೂ ತೋಚುವುದಿಲ್ಲ. ಇನ್ನೊಂದು ಮನೆಯಲ್ಲಿ ಮಗುವಿಗೆ ಹತ್ತು ತುಂಬಿದ ಕೂಡಲೇ, 'ನೀನೀಗ ದೊಡ್ಡವನಾದೆ, ನಿನ್ನದು ನೀನು ನೋಡಿಕೋ' ಎಂದು ಸಿರಿಂಜಿನ ಡಬ್ಬಿಯನ್ನು ಅವನ ಕೈಗಿಟ್ಟು ಬಿಡುತ್ತಾರೆ. ಮೂರು ತಿಂಗಳ ನಂತರ ಎಚ್‌ಬಿಎ1ಸಿ ವರದಿ ಬಂದಾಗಲೇ ಮಗು ಎಷ್ಟೋ ಸೂಜಿ ತಪ್ಪಿಸಿದೆ ಎಂದು ಗೊತ್ತಾಗುವುದು. ಎರಡೂ ಮನೆಯವರದು ಪ್ರೀತಿಯೇ. ಆದರೆ ಎರಡರಿಂದಲೂ ಮಗುವಿಗೆ ತೊಂದರೆ. ಜವಾಬ್ದಾರಿ ಒಪ್ಪಿಸುವುದು ಬೇರೆ, ಕೈಬಿಡುವುದು ಬೇರೆ. ಈ ಮಾತನ್ನು ತಾವು ಇವತ್ತು ಮನೆಗೆ ತೆಗೆದುಕೊಂಡು ಹೋದರೆ ಸಾಕು.

ಇದು ಯಾರ ತಪ್ಪೂ ಅಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಟೈಪ್ 1 ಮಧುಮೇಹ ಸಿಹಿ ತಿಂದದ್ದರಿಂದ ಬಂದದ್ದಲ್ಲ. ಗರ್ಭಿಣಿಯಿದ್ದಾಗ ತಾಯಿ ಏನೋ ತಿಂದಳೆಂದು ಬಂದದ್ದೂ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಆದ್ದರಿಂದ ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು.

1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಇನ್ಸುಲಿನ್ ಚಿಕಿತ್ಸೆ ಮೊದಲ ಬಾರಿಗೆ ದೊರೆತದ್ದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ. ಆಗ ಅವನ ತೂಕ ಸುಮಾರು 30 ಕಿಲೋ ಮಾತ್ರ. ಸಾವಿನ ಅಂಚಿನಲ್ಲಿದ್ದ ಹುಡುಗ ಚೇತರಿಸಿಕೊಂಡು ಮುಂದೆ 13 ವರ್ಷ ಬದುಕಿದ. ಅದಕ್ಕೂ ಮೊದಲು ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಇವತ್ತಿಗೂ ಇನ್ಸುಲಿನ್‌ಗೆ ಬದಲಿ ಔಷಧಿ ಇಲ್ಲ. ಯಾರೋ ಹೇಳಿದರೆಂದು ಕಷಾಯಕ್ಕೆ, ಬೇರಿಗೆ, ಪುಡಿಗೆ ಒಪ್ಪಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಅಪಾಯ ಬರುತ್ತದೆ.

ಹದಿಹರೆಯದಲ್ಲಿ ಸಕ್ಕರೆ ಏಕೆ ಏರುತ್ತದೆ?

'ಹತ್ತು ವರ್ಷದ ತನಕ ಚೆನ್ನಾಗಿತ್ತು ಸಿಸ್ಟರ್, ಈಗ ಏನು ಮಾಡಿದರೂ ಇನ್ನೂರು, ಮುನ್ನೂರು ಬರುತ್ತದೆ' ಎಂದು ಅನೇಕರು ಹೇಳುತ್ತಾರೆ. ಮೈ ನೆರೆಯುವ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನುಗಳು ಹೆಚ್ಚುತ್ತವೆ. ಇವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಹೀಗಾಗಿ ಅದೇ ಮಗುವಿಗೆ ಅದೇ ಊಟಕ್ಕೆ ಮೊದಲಿಗಿಂತ ಹೆಚ್ಚು ಯೂನಿಟ್ ಬೇಕಾಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲಿ ಸಕ್ಕರೆ ಏರುವುದುಂಟು. ಹೆಚ್ಚು ಬಂದಾಗಲೆಲ್ಲ ಮಗು ಕದ್ದು ತಿಂದಿದೆ ಎಂದು ತಿಳಿಯಬೇಡಿ. ಡೋಸ್ ಬದಲಾಯಿಸುವ ಕಾಲ ಬಂದಿರಬಹುದು, ವೈದ್ಯರಿಗೆ ತೋರಿಸಿ.

ದೇಹದ ಜೊತೆಗೆ ಮನಸ್ಸೂ ಬದಲಾಗುತ್ತದೆ. ಗೆಳೆಯರೆಲ್ಲ ಮಿರ್ಚಿ ಭಜಿ ತಿನ್ನುವಾಗ ತಾನೊಬ್ಬನೇ ಬ್ಯಾಗಿನಿಂದ ಪೆನ್ ತೆಗೆಯುವುದಕ್ಕೆ ನಾಚಿಕೆ. ಎಲ್ಲರೂ ತನ್ನನ್ನೇ ನೋಡುತ್ತಾರೆಂಬ ಅಂಜಿಕೆ. ಜೀವನಪೂರ್ತಿ ಇದೇ ಏನು ಎಂಬ ಬೇಸರ. ಇದನ್ನು ಹಟಮಾರಿತನ ಎಂದು ಬೈದು ಮುಗಿಸಬೇಡಿ. ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಬೇಕೆಂದೇ ಸೂಜಿ ತಪ್ಪಿಸುತ್ತಿದ್ದರೆ ನಮಗೆ ತಿಳಿಸಿ. ಅದಕ್ಕೂ ಚಿಕಿತ್ಸೆ ಇದೆ.

ಮೆಟ್ಟಿಲು ಮೆಟ್ಟಿಲಾಗಿ ಒಪ್ಪಿಸಿ

ಮಗುವಿಗೆ ಸೈಕಲ್ ಕಲಿಸುವಾಗ ಮೊದಲು ಸೀಟು ಹಿಡಿದು ಓಡುತ್ತೀರಿ. ಆಮೇಲೆ ಕೈ ಬಿಟ್ಟು ಪಕ್ಕದಲ್ಲಿ ಓಡುತ್ತೀರಿ. ಕೊನೆಗೆ ಮನೆ ಮುಂದೆ ನಿಂತು ನೋಡುತ್ತೀರಿ. ಇದೂ ಹಾಗೆಯೇ.

1. ಹತ್ತು ವರ್ಷದೊಳಗೆ: ಎಲ್ಲ ಕೆಲಸ ಪಾಲಕರದೇ. ಮಗು ಯಾವ ಬೆರಳು, ಯಾವ ಜಾಗ ಎಂದು ಆರಿಸಲಿ, ಅಂಕಿ ಓದಿ ಹೇಳಲಿ.

2. 10 ರಿಂದ 12: ಬೆರಳು ಚುಚ್ಚಿ ಪರೀಕ್ಷೆ ಮಾಡುವುದು ಮಗುವಿನ ಕೆಲಸ. ಸೂಜಿಯನ್ನು ದಿನಕ್ಕೆ ಒಂದು ಸಲ ಮಗುವೇ ತಮ್ಮೆದುರಿನಲ್ಲಿ ಹಾಕಿಕೊಳ್ಳಲಿ. ಎಷ್ಟು ಯೂನಿಟ್ ಎಂಬುದನ್ನು ತಾವೇ ನೋಡಿ.

3. 13 ರಿಂದ 15: ಎಲ್ಲ ಸೂಜಿಗಳನ್ನೂ ಮಗುವೇ ಹಾಕಿಕೊಳ್ಳಲಿ. ಎರಡು ರೊಟ್ಟಿಗೆ ಎಷ್ಟು, ಒಂದು ತಟ್ಟೆ ಅನ್ನಕ್ಕೆ ಎಷ್ಟು ಎಂಬ ಲೆಕ್ಕವನ್ನು ಮೊದಲು ಮಗು ಹೇಳಲಿ, ನಂತರ ತಾವು ಸರಿ ನೋಡಿ. ರಾತ್ರಿಯ ದೀರ್ಘಕಾಲದ ಇನ್ಸುಲಿನ್ ಹಾಕಿಕೊಳ್ಳುವಾಗ ಮನೆಯ ಹಿರಿಯರೊಬ್ಬರು ಕಣ್ಣಾರೆ ನೋಡಬೇಕು.

4. 16 ರಿಂದ 18: ದಿನದ ನಿರ್ಧಾರಗಳು ಮಗುವಿನವು. ತಾವು ವಾರಕ್ಕೊಮ್ಮೆ ಜೊತೆಗೆ ಕುಳಿತು ಪುಸ್ತಕ ನೋಡಿ. ಆಸ್ಪತ್ರೆಗೆ ಬಂದಾಗ ಸ್ವಲ್ಪ ಹೊತ್ತು ಹೊರಗೆ ಕುಳಿತು, ಮಗುವೊಂದೇ ವೈದ್ಯರೊಡನೆ ಮಾತಾಡಲು ಬಿಡಿ. ಮುಂದೆ ದೊಡ್ಡವರ ವಿಭಾಗಕ್ಕೆ ಹೋಗಬೇಕಾದವರು ಅವರೇ.

ಈ ವರ್ಷಗಳು ಒಂದು ಅಂದಾಜು ಅಷ್ಟೇ. ಕೆಲವು ಮಕ್ಕಳು 11ಕ್ಕೇ ಚುರುಕು, ಕೆಲವರಿಗೆ 15 ಆದರೂ ಜೊತೆ ಬೇಕು. ಪರೀಕ್ಷೆ ಹತ್ತಿರ ಬಂದಾಗ, ಜ್ವರ ಬಂದಾಗ, ಮನೆಯಲ್ಲಿ ಸಾವು-ನೋವು ಆದಾಗ ಒಂದು ಮೆಟ್ಟಿಲು ಕೆಳಗಿಳಿದು, 'ಈ ವಾರ ರಾತ್ರಿಯದು ನಾನು ಹಾಕುತ್ತೇನೆ ಬಾ ಮಗಾ' ಎನ್ನಿ. ಅದರಲ್ಲಿ ಸೋಲೇನಿಲ್ಲ. ಎಲ್ಲಕ್ಕಿಂತ ಮುಖ್ಯ, ತಂದೆಯವರೂ ಕಲಿಯಬೇಕು. ಇದು ತಾಯಿಯೊಬ್ಬಳ ಕೆಲಸವಲ್ಲ.

ಅಂಕಿ ಕೇಳುವ ರೀತಿ

ಮಗು ಮನೆಗೆ ಬಂದ ಕೂಡಲೇ 'ಎಷ್ಟು ಬಂತು?' ಎನ್ನುವುದು ನಮ್ಮ ಮೊದಲ ಪ್ರಶ್ನೆ. 280 ಎಂದರೆ, 'ಏನು ತಿಂದೆ?' ಎನ್ನುವುದು ಎರಡನೆಯದು. ಹೀಗೆ ನಾಲ್ಕು ದಿನ ಬೈಸಿಕೊಂಡ ಮಗು ಐದನೇ ದಿನ ಪುಸ್ತಕದಲ್ಲಿ 140 ಎಂದು ಬರೆಯುತ್ತದೆ. ಸುಳ್ಳು ಅಂಕಿಯ ಪುಸ್ತಕ ನೋಡಿ ವೈದ್ಯರು ಡೋಸ್ ನಿರ್ಧರಿಸಿದರೆ ಅಪಾಯ ಯಾರಿಗೆ? ಮಗುವಿಗೇ.

ಆದ್ದರಿಂದ ಮೊದಲು, 'ಬಾ, ಕೈಕಾಲು ತೊಳೆದುಕೋ, ಶಾಲೆಯಲ್ಲಿ ಏನಾಯಿತು?' ಎನ್ನಿ. ಆಮೇಲೆ ಅಂಕಿ. 280 ಬಂದರೆ, 'ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು, ಈಗ ಏನು ಮಾಡೋಣ ಹೇಳು' ಎನ್ನಿ. ಅಂಕಿಯನ್ನು 'ಒಳ್ಳೆಯದು, ಕೆಟ್ಟದ್ದು' ಎನ್ನದೆ 'ಹೆಚ್ಚು, ಕಡಿಮೆ' ಎಂದಷ್ಟೇ ಹೇಳಿ. ಮನೆಗೆ ಬಂದ ನೆಂಟರೆದುರು ಮಗುವಿನ ಸಕ್ಕರೆಯ ಸುದ್ದಿ ಬೇಡ. ಮದುವೆ ಮನೆಯಲ್ಲಿ ಎಲ್ಲರಿಗೂ ಹುಗ್ಗಿ ಬಡಿಸುವಾಗ, 'ಅವನಿಗೆ ಬೇಡ, ಅವನಿಗೆ ಶುಗರ್' ಎಂದು ಕೂಗಿ ಹೇಳುವುದು ಮಗುವಿಗೆ ಸೂಜಿಗಿಂತ ಹೆಚ್ಚು ಚುಚ್ಚುತ್ತದೆ. ಸ್ವಲ್ಪ ಹುಗ್ಗಿ ತಿನ್ನುವುದಾದರೆ ಅದಕ್ಕೆಷ್ಟು ಯೂನಿಟ್ ಬೇಕೆಂದು ಮೊದಲೇ ಕಲಿಸಿಡಿ.

ಪಾಲಕರು ಎಂದೂ ಬಿಡಬಾರದ ನಾಲ್ಕು ಕೆಲಸಗಳು

ಮಗು ಎಷ್ಟೇ ದೊಡ್ಡದಾಗಲಿ, ನಿಮ್ಮ ಮನೆಯಲ್ಲಿರುವ ತನಕ ಇವು ತಮ್ಮ ಪಾಲಿನವು.

ಒಂದು, ಕಾಯಿಲೆಯ ದಿನ. ವಾಂತಿ, ಭೇದಿ, ಜ್ವರ ಬಂದಾಗ 'ಊಟವನ್ನೇ ಮಾಡಿಲ್ಲ, ಇನ್ಸುಲಿನ್ ಬೇಡ' ಎಂದು ಪೂರ್ತಿ ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ಅಂದು 2 ರಿಂದ 4 ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದಲ್ಲಿ ಕೀಟೋನ್ ಪರೀಕ್ಷಿಸಿ, ನೀರು ಕುಡಿಸುತ್ತಿರಿ, ಡೋಸ್ ಎಷ್ಟೆಂದು ನಮ್ಮನ್ನು ಕೇಳಿ. ನಿಲ್ಲದ ವಾಂತಿ, ಹೊಟ್ಟೆನೋವು, ಜೋರಾದ ಏದುಸಿರು, ಬಾಯಿಂದ ಹಣ್ಣಿನಂಥ ವಾಸನೆ, ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ.

ಎರಡು, ದಾಸ್ತಾನು. ಇನ್ಸುಲಿನ್, ಸ್ಟ್ರಿಪ್, ಸೂಜಿ ಮುಗಿಯುವ ಮೊದಲೇ ತಂದಿಡುವುದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2 ರಿಂದ 8 ಡಿಗ್ರಿಯಲ್ಲಿರಲಿ, ಐಸ್ ಕಟ್ಟುವ ಜಾಗದಲ್ಲಿ ಬೇಡ. ಫ್ರಿಜ್ಜಿಲ್ಲದ ಮನೆಯವರು ದೊಡ್ಡ ಮಣ್ಣಿನ ಗಡಿಗೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಗಡಿಗೆಯಿಟ್ಟು, ಬಾಟಲಿಯನ್ನು ನೀರು ತಾಗದಂತೆ ಅದರಲ್ಲಿಡಿ.

ಮೂರು, ಸಿರಿಂಜಿನ ಜೋಡಿ. 40 ಯೂನಿಟ್ಟಿನ ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜ್, 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಅಂಗಡಿಯಿಂದ ತಂದಾಗಲೆಲ್ಲ ಓದಿ ನೋಡಿ.

ನಾಲ್ಕು, ಸಕ್ಕರೆ ಇಳಿದಾಗ ನೆರವು. ಕೈ ನಡುಕ, ಬೆವರು, ಹಸಿವು, ಸಿಡುಕು, ಮಾತು ತೊದಲುವುದು ಕಂಡರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಕೂಡಲೇ, 3 ಚಹಾ ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲುಕೋಸ್ ಪುಡಿ ನೀರಿನಲ್ಲಿ ಕದಡಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಗ್ಲುಕಗಾನ್ ಇದ್ದರೆ ಹಾಕಿ, ತಕ್ಷಣ ಆಸ್ಪತ್ರೆಗೆ ತನ್ನಿ. ಸಂಜೆ ಕಬಡ್ಡಿ ಆಡಿದ ದಿನ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಇಳಿಯಬಹುದು. ಮಲಗುವ ಮೊದಲು ಪರೀಕ್ಷೆ ಮಾಡಿಸಿ.

ಶಾಲೆ, ಪರೀಕ್ಷೆ, ಹಾಸ್ಟೆಲ್

ಶಾಲೆಯಲ್ಲಿ ಮುಚ್ಚಿಡಬೇಡಿ. ಮುಖ್ಯೋಪಾಧ್ಯಾಯರಿಗೆ, ತರಗತಿಯ ಶಿಕ್ಷಕರಿಗೆ, ದೈಹಿಕ ಶಿಕ್ಷಕರಿಗೆ ವೈದ್ಯರ ಪತ್ರ ಕೊಡಿ. ಒಬ್ಬ ಆಪ್ತ ಗೆಳೆಯನಿಗೂ ಗೊತ್ತಿರಲಿ. ಯಾರಿಗೆ ಹೇಳಬೇಕೆಂದು ಮಗುವನ್ನೇ ಕೇಳಿ ನಿರ್ಧರಿಸಿ. 2017ರಲ್ಲಿ ಸಿ.ಬಿ.ಎಸ್.ಇ. ಮಂಡಳಿಯು ಮಧುಮೇಹವಿರುವ ಮಕ್ಕಳು 10 ಮತ್ತು 12ನೇ ತರಗತಿಯ ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿ ನೀಡಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು, ಇಂಥ ಮಕ್ಕಳಿಗೆ ತರಗತಿಯಲ್ಲಿ ರಕ್ತ ಪರೀಕ್ಷೆ ಮಾಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ತಿನಿಸು ತಿನ್ನಲು ಅವಕಾಶ ಕೊಡಬೇಕೆಂದು ಶಾಲೆಗಳಿಗಾಗಿ ಪತ್ರ ಬರೆದಿದೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಕ್ಕಳ ಪಾಲಕರು ಪರೀಕ್ಷೆಗೆ ಕೆಲವು ವಾರ ಮುಂಚೆಯೇ ವೈದ್ಯರ ಪತ್ರದೊಂದಿಗೆ ಶಾಲೆಯ ಮೂಲಕ ಅರ್ಜಿ ಕೊಡಿ.

ಹಾಸ್ಟೆಲ್‌ಗೆ ಕಳಿಸುವ ಮೊದಲು ಮೂರು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿಸಿ. ಮಗು ತಾನೇ ಎದ್ದು, ತಾನೇ ಪರೀಕ್ಷಿಸಿ, ತಾನೇ ಹಾಕಿಕೊಳ್ಳಲಿ. ವಾರ್ಡನ್‌ಗೂ ಕೋಣೆಯ ಜೊತೆಗಾರನಿಗೂ ಸಕ್ಕರೆ ಇಳಿದಾಗ ಏನು ಮಾಡಬೇಕೆಂದು ಕಲಿಸಿ.

ಹೆಣ್ಣುಮಕ್ಕಳ ವಿಷಯ

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. 'ಹೊರಗೆ ಗೊತ್ತಾದರೆ ನಾಳೆ ಗಂಡು ಸಿಗುವುದಿಲ್ಲ' ಎಂದು ಮಗಳ ಕಾಯಿಲೆಯನ್ನು ಬಚ್ಚಿಡುವ ಮನೆಗಳಿವೆ. ಬಚ್ಚಿಡುವುದನ್ನು ಕಲಿತ ಹುಡುಗಿ ಬಸ್ಸಿನಲ್ಲಿ, ಕಾಲೇಜಿನಲ್ಲಿ, ನೆಂಟರ ಮನೆಯಲ್ಲಿ ಸೂಜಿ ತಪ್ಪಿಸುತ್ತಾಳೆ. ಮುಚ್ಚಿಟ್ಟು ಮದುವೆ ಮಾಡಿದರೆ ಅತ್ತೆಯ ಮನೆಯಲ್ಲಿ ಇನ್ಸುಲಿನ್ ಬಾಟಲಿ ಎಲ್ಲಿಡಬೇಕು? ಎರಡು ದಿನ ತಪ್ಪಿದರೂ ಅವಳ ಜೀವ ಹೋಗಬಹುದು. ಸಕ್ಕರೆ ಹತೋಟಿಯಲ್ಲಿಟ್ಟುಕೊಂಡು, ವೈದ್ಯರ ಸಲಹೆ ಪಡೆದು ಗರ್ಭಿಣಿಯಾದರೆ ಆರೋಗ್ಯವಂತ ಮಗುವನ್ನು ಹೆರಬಹುದು. ಓದು, ನೌಕರಿ, ಸಂಸಾರ ಯಾವುದಕ್ಕೂ ಈ ಕಾಯಿಲೆ ಅಡ್ಡಿಯಲ್ಲ. ಮಗನಿಗೆ ಕೊಟ್ಟಷ್ಟೇ ಸ್ವಾತಂತ್ರ್ಯ, ಅಷ್ಟೇ ಸ್ಟ್ರಿಪ್, ಅಷ್ಟೇ ತಪಾಸಣೆ ಮಗಳಿಗೂ ಸಿಗಬೇಕು.

ಶ್ರಮ ವ್ಯರ್ಥವಲ್ಲ

ಅಮೆರಿಕ ಮತ್ತು ಕೆನಡಾದಲ್ಲಿ 13 ರಿಂದ 39 ವರ್ಷದ 1,441 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಬಹಳ ಕಡಿಮೆಯಾಗುತ್ತದೆಂದು ಅದು ತೋರಿಸಿತು. ಅವರಲ್ಲಿ ಸಕ್ಕರೆ ತೀರಾ ಇಳಿಯುವ ಪ್ರಸಂಗಗಳು ಹೆಚ್ಚಾದವು ಎಂಬುದನ್ನೂ ತೋರಿಸಿತು. ಹಾಗಾಗಿ ಮಗುವಿನ ಗುರಿ ಎಷ್ಟಿರಬೇಕೆಂದು ವೈದ್ಯರನ್ನು ಕೇಳಿ ಬರೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವೈದ್ಯರು ಹೇಳಿದ ಸಮಯದಿಂದ ಕಣ್ಣು ಮತ್ತು ಮೂತ್ರದ ವಾರ್ಷಿಕ ತಪಾಸಣೆ ತಪ್ಪಿಸಬೇಡಿ.

ಕೊನೆಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಇಂದು ರಾತ್ರಿ ಊಟವಾದ ಮೇಲೆ ಮಗುವನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಒಂದು ಕಡೆ 'ನಾನು ಮಾಡುವುದು', ಇನ್ನೊಂದು ಕಡೆ 'ಅವ್ವ-ಅಪ್ಪ ಮಾಡುವುದು'. ಈಗ ತಮ್ಮ ಕಡೆ ಇರುವ ಒಂದೇ ಒಂದು ಕೆಲಸವನ್ನು ಮಗುವಿನ ಕಡೆಗೆ ದಾಟಿಸಿ. ಯಾವುದೆಂದು ಮಗುವೇ ಹೇಳಲಿ. ಒಂದು ತಿಂಗಳು ಜೊತೆಗಿದ್ದು ನೋಡಿ. ಮುಂದಿನ ತಪಾಸಣೆಗೆ ಬರುವಾಗ ಮೀಟರ್, ಪುಸ್ತಕದೊಂದಿಗೆ ಆ ಹಾಳೆಯನ್ನೂ ತನ್ನಿ. ಅದನ್ನು ನೋಡಿ ಮುಂದಿನ ಮೆಟ್ಟಿಲು ಯಾವುದೆಂದು ಮಗು, ನೀವು, ನಾವು ಸೇರಿ ಮಾತಾಡೋಣ.